ಎಐಗೆ ಡಾಕ್ಸ್ ಓದಿಸುವ ಟೂಲ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಓದುಗರ ಪ್ರಶ್ನೆ:

"ನಮ್ಮದು ಆರು ಜನರ ತಂಡ. ಬ್ಯಾಕೆಂಡ್‌ನಲ್ಲಿ ಫಾಸ್ಟ್‌ಎಪಿಐ, ಪೈಡ್ಯಾಂಟಿಕ್ 2 (ಬಂದ ಡೇಟಾ ಪರೀಕ್ಷಿಸುವ ಲೈಬ್ರರಿ), ಎಸ್‌ಕ್ಯೂಎಲ್ ಆಲ್ಕೆಮಿ 2 (ಡೇಟಾಬೇಸ್ ಲೈಬ್ರರಿ) ಇದೆ. ಫ್ರಂಟೆಂಡ್ ನೆಕ್ಸ್ಟ್‌ಜೆಎಸ್ 15. ಎಲ್ಲರೂ ಎಡಿಟರ್‌ನಲ್ಲಿ ಎಐ ಅಸಿಸ್ಟೆಂಟ್ ಬಳಸುತ್ತೇವೆ. ಅದು ಪದೇ ಪದೇ ಹಳೆಯ ಆವೃತ್ತಿಯ ಕೋಡ್ ಕೊಡುತ್ತದೆ, ಕೆಲವೊಮ್ಮೆ ಇಲ್ಲದೇ ಇರುವ ಫಂಕ್ಷನ್ ಹೆಸರನ್ನೇ ಬರೆಯುತ್ತದೆ. ಲೈಬ್ರರಿಗಳ ಡಾಕ್ಸ್ (ಬಳಕೆಯ ಕೈಪಿಡಿ) ತಂದುಕೊಡುವ ಕಾಂಟೆಕ್ಸ್ಟ್7 ಹಾಕಿದರೆ ಮುಗಿಯಿತು ಎಂದು ತಂಡದಲ್ಲಿ ಒಬ್ಬರ ವಾದ. ದೊಡ್ಡ ಕಾಂಟೆಕ್ಸ್ಟ್ ವಿಂಡೋ (ಒಮ್ಮೆಗೆ ಓದಬಲ್ಲ ಪಠ್ಯದ ಮಿತಿ) ಇರುವ ಮಾಡೆಲ್‌ಗೆ ಡಾಕ್ಸ್ ಪೂರ್ತಿ ಕೊಟ್ಟುಬಿಡೋಣ ಎಂದು ಇನ್ನೊಬ್ಬರು ಹೇಳುತ್ತಾರೆ. ಫೈನ್‌ಟ್ಯೂನ್ (ಮಾಡೆಲ್‌ಗೆ ಹೆಚ್ಚುವರಿ ತರಬೇತಿ) ಮಾಡೋಣ ಎನ್ನುವವರೂ ಇದ್ದಾರೆ. ಇದರ ಜೊತೆಗೆ ನಮ್ಮದೇ ಎಪಿಐಗಳ ಡಾಕ್ಸ್ ಸುಮಾರು 400 ಪುಟ ಇದೆ, ವೆಂಡರ್ ಕೊಟ್ಟ ಮೂರು ಪಿಡಿಎಫ್ ಇವೆ. ಅವು ಹೊರಗೆ ಹೋಗುವಂತಿಲ್ಲ. ಒಂದೇ ಟೂಲ್ ಆರಿಸಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಯಾವುದನ್ನು ಆರಿಸಲಿ?"

ಉತ್ತರ:

ನೀವು ಒಂದು ಪ್ರಶ್ನೆ ಕೇಳಿದ್ದೀರಿ, ಆದರೆ ಅದರೊಳಗೆ ಮೂರು ತೊಂದರೆಗಳಿವೆ: ಹಳೆಯ ಆವೃತ್ತಿಯ ಕೋಡ್ ಬರುವುದು, ಇಲ್ಲದ ಫಂಕ್ಷನ್ ಹುಟ್ಟಿಕೊಳ್ಳುವುದು, ಮನೆಯೊಳಗಿನ ಡಾಕ್ಸ್ ಹೊರಗೆ ಹೋಗದಂತೆ ನೋಡಿಕೊಳ್ಳುವುದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಹಾಗಾಗಿ ಒಂದೇ ಟೂಲ್ ಎಂಬ ಷರತ್ತನ್ನು ಸಡಿಲಿಸಲು ಮ್ಯಾನೇಜರ್ ಅವರನ್ನು ಮೊದಲು ಒಪ್ಪಿಸಿ. ನನ್ನ ಸಲಹೆ ಇಷ್ಟು: ಸಾರ್ವಜನಿಕ ಲೈಬ್ರರಿಗಳಿಗೆ ಒಂದು ಡಾಕ್ಸ್ ಸರ್ವರ್ ಸಾಕು. ಒಳಗಿನ ಡಾಕ್ಸ್‌ಗೆ ನಿಮ್ಮದೇ ಯಂತ್ರದಲ್ಲಿ ಒಂದು ಚಿಕ್ಕ ಹುಡುಕು ವ್ಯವಸ್ಥೆ ಮಾಡಿಕೊಳ್ಳಿ. ಇವೆರಡಕ್ಕೂ ಮೊದಲು, ನಿಮ್ಮ ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್‌ಗಳ ಒಳಗೆ ನೋಡುವುದನ್ನು ಅಸಿಸ್ಟೆಂಟ್‌ಗೆ ಕಲಿಸಿ.

ಹಳೆಯ ಕೋಡ್ ಏಕೆ ಬರುತ್ತದೆ?

ಮಾಡೆಲ್‌ನ ತರಬೇತಿ ಒಂದು ದಿನಾಂಕಕ್ಕೆ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪೈಡ್ಯಾಂಟಿಕ್ 2 ಬಂದದ್ದು 2023ರ ಜೂನ್‌ನಲ್ಲಿ. ಇಂದಿನ ಮಾಡೆಲ್‌ಗಳೆಲ್ಲ ಅದನ್ನು ಓದಿಯೇ ಇವೆ. ಆದರೂ ಹಳೆಯದನ್ನೇ ಬರೆಯುತ್ತವೆ. ಅದಕ್ಕಿಂತ ಹಿಂದಿನ ಹಲವು ವರ್ಷಗಳಲ್ಲಿ ಜನ ಬರೆದ ಕೋಡ್, ಪ್ರಶ್ನೋತ್ತರ, ಟ್ಯುಟೋರಿಯಲ್‌ಗಳ ರಾಶಿ ಅಷ್ಟು ದೊಡ್ಡದು. ಪದ್ಧತಿ ಬದಲಾದರೂ ಹಳೆಯ ಪಠ್ಯ ಅಳಿಸಿಹೋಗುವುದಿಲ್ಲ. ಹೊಸ ಮಾಡೆಲ್ ಬಂದರೆ ತಾನಾಗಿ ಸರಿಹೋಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ.

ಇದರಲ್ಲಿ ಕೂಗಿ ಹೇಳುವ ತಪ್ಪು ಬೇರೆ, ಸದ್ದಿಲ್ಲದ ತಪ್ಪು ಬೇರೆ. ಪೈಡ್ಯಾಂಟಿಕ್ 2ರಲ್ಲಿ ಬೇಸ್‌ಸೆಟಿಂಗ್ಸ್ ಕ್ಲಾಸ್ ಬೇರೊಂದು ಪ್ಯಾಕೇಜ್‌ಗೆ ಹೋಗಿದೆ. ಹಳೆಯ ಜಾಗದಿಂದ ಇಂಪೋರ್ಟ್ ಮಾಡಿದರೆ ಅಲ್ಲೇ ಎರರ್ ಬರುತ್ತದೆ. ಎಸ್‌ಕ್ಯೂಎಲ್ ಆಲ್ಕೆಮಿ 2ರಲ್ಲಿ ಬರಿಯ ಸ್ಟ್ರಿಂಗ್ ಕ್ವೆರಿಯನ್ನು ಎಕ್ಸಿಕ್ಯೂಟ್‌ಗೆ ಕೊಟ್ಟರೂ ಹಾಗೆಯೇ, ಅದನ್ನು ಟೆಕ್ಸ್ಟ್ ಫಂಕ್ಷನ್‌ನಲ್ಲಿ ಸುತ್ತಿಯೇ ಕೊಡಬೇಕು. ಇಂಥವು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತವೆ, ಇವಕ್ಕೆ ಹೆದರಬೇಕಿಲ್ಲ.

ಸದ್ದಿಲ್ಲದ್ದನ್ನು ನೋಡಿ. ನಿಕ್‌ನೇಮ್ ಎಂಬ ಫೀಲ್ಡ್‌ಗೆ ಆಪ್ಷನಲ್ ಸ್ಟ್ರಿಂಗ್ ಎಂದು ಟೈಪ್ ಕೊಟ್ಟು, ಡೀಫಾಲ್ಟ್ ಬರೆಯದೆ ಬಿಟ್ಟಿದೆ ಎನ್ನಿ. ಪೈಡ್ಯಾಂಟಿಕ್ 1ರಲ್ಲಿ ಆ ಫೀಲ್ಡ್ ಬಾರದಿದ್ದರೆ ನನ್ (None, ಅಂದರೆ ಖಾಲಿ ಮೌಲ್ಯ) ಎಂದು ತುಂಬಿಕೊಳ್ಳುತ್ತಿತ್ತು. ಆವೃತ್ತಿ 2ರಲ್ಲಿ ಅದೇ ಸಾಲಿನ ಅರ್ಥ ಬೇರೆ: ಫೀಲ್ಡ್ ಬರಲೇಬೇಕು, ಬಂದ ಮೌಲ್ಯ ನನ್ ಆಗಿರಬಹುದು ಅಷ್ಟೆ. ಎಚ್ಚರಿಕೆಯೂ ಇಲ್ಲ, ಇಂಪೋರ್ಟ್ ಎರರ್ ಕೂಡ ಇಲ್ಲ. ಕೋಡ್ ರಿವ್ಯೂನಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಿಕ್‌ನೇಮ್ ಕಳಿಸದ ಕ್ಲೈಂಟ್‌ಗೆ ಫಾಸ್ಟ್‌ಎಪಿಐ 422 ಎರರ್ (ಬಂದ ಡೇಟಾ ಸರಿಯಿಲ್ಲ ಎಂದು) ಕೊಟ್ಟಾಗಲೇ ಗೊತ್ತಾಗುವುದು. ನೆಕ್ಸ್ಟ್‌ಜೆಎಸ್‌ನಲ್ಲೂ ಇಂಥದ್ದೇ ಒಂದಿದೆ. 14ರಲ್ಲಿ ಸರ್ವರ್ ಕಡೆಯ ಫೆಚ್ ಡೀಫಾಲ್ಟ್ ಆಗಿ ಕ್ಯಾಶ್ ಆಗುತ್ತಿತ್ತು, 15ರಲ್ಲಿ ಆಗುವುದಿಲ್ಲ. 14ರ ನೆನಪಿನಲ್ಲಿ ಬರೆದ ಕೋಡ್ 15ರಲ್ಲಿ ಸರಿಯಾಗಿಯೇ ನಡೆಯುತ್ತದೆ, ಆದರೆ ಪ್ರತಿ ಸಲವೂ ನಿಮ್ಮ ಬ್ಯಾಕೆಂಡ್‌ಗೆ ಹೊಡೆತ ಬೀಳುತ್ತಿರುತ್ತದೆ.

ಡಾಕ್ಸ್ ಟೂಲ್‌ಗಳನ್ನು ಅಳೆಯಬೇಕಾದ್ದು ಈ ಎರಡನೇ ಬಗೆಯ ತಪ್ಪಿನಿಂದ. ಟೂಲ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ, ನೀನು ಯಾವ ಆವೃತ್ತಿಯ ಪುಟ ಓದಿದೆ ಎಂಬುದು. ಉತ್ತರ ಎಷ್ಟು ಚೆನ್ನಾಗಿದೆ ಎಂಬುದು ಆಮೇಲಿನ ಮಾತು.

ಇಲ್ಲದ ಫಂಕ್ಷನ್ ಹುಟ್ಟುವ ಬಗೆ

ಇದು ಹಳೆಯ ನೆನಪಿನ ತೊಂದರೆ ಅಲ್ಲ. ಹೆಸರಿಡುವ ಪದ್ಧತಿಯನ್ನು ನೋಡಿ, ಹೀಗೊಂದು ಇರಬೇಕು ಎಂದು ಮಾಡೆಲ್ ಊಹಿಸುತ್ತದೆ. ಲೈಬ್ರರಿ ಅಚ್ಚುಕಟ್ಟಾಗಿದ್ದಷ್ಟೂ ಊಹೆ ನಂಬುವಂತಿರುತ್ತದೆ. ಫಂಕ್ಷನ್ ಆದರೆ ರನ್ ಮಾಡಿದಾಗ ಸಿಗುತ್ತದೆ, ಪ್ಯಾಕೇಜ್ ಹೆಸರೇ ಕಲ್ಪನೆಯದ್ದಾದರೆ ಅಪಾಯ ಹೆಚ್ಚು. 16 ಮಾಡೆಲ್‌ಗಳಿಂದ 5,76,000 ಕೋಡ್ ತುಣುಕು ಬರೆಸಿದ ಒಂದು ಸಂಶೋಧನೆಯಲ್ಲಿ, ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಶೇ. 19.7ರಷ್ಟು ಇಲ್ಲವೇ ಇಲ್ಲದ ಹೆಸರುಗಳಾಗಿದ್ದವು. ಅಂಥ ಹೆಸರುಗಳನ್ನು ಮೊದಲೇ ರಿಜಿಸ್ಟರ್ ಮಾಡಿ ಅದರೊಳಗೆ ಕೆಟ್ಟ ಕೋಡ್ ಇಡುವ ದಾಳಿಗೆ ಸ್ಲಾಪ್‌ಸ್ಕ್ವಾಟಿಂಗ್ ಎಂಬ ಹೆಸರೂ ಬಿದ್ದಿದೆ.

ಡಾಕ್ಸ್ ಟೂಲ್ ಹಾಕಿದರೆ ಇದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹುಡುಕಿದ್ದು ಸಿಗದಿದ್ದಾಗ ಬಹಳಷ್ಟು ಮಾಡೆಲ್‌ಗಳು ಸಿಗಲಿಲ್ಲ ಎಂದು ಹೇಳದೆ ತಮ್ಮ ನೆನಪಿನಿಂದ ಬರೆದು ಮುಗಿಸುತ್ತವೆ. ಓದುವ ನಿಮಗೆ ಎರಡೂ ಉತ್ತರ ಒಂದೇ ಧಾಟಿಯಲ್ಲಿ ಕಾಣುತ್ತವೆ.

ನಿಮ್ಮ ತಂಡದ ಮೂರು ವಾದಗಳು

ಕಾಂಟೆಕ್ಸ್ಟ್7 ಒಂದು ಎಂಸಿಪಿ ಸರ್ವರ್. ಎಂಸಿಪಿ ಎಂದರೆ ಅಸಿಸ್ಟೆಂಟ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಪ್ರೋಟೋಕಾಲ್. ಅದು ಇದ್ದರೆ ಸುಳ್ಳು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಪ್ರಕಟಿಸಿದ ಈ ಪ್ರೋಟೋಕಾಲ್ ಒಂದು ಪೈಪು. ಆ ತುದಿಯ ತೊಟ್ಟಿಯಲ್ಲಿ ಯಾವ ನೀರಿದೆಯೋ ಅದೇ ಈ ತುದಿಗೆ ಬರುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಟೂಲ್ ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಾಡೆಲ್. ತನಗೆ ಗೊತ್ತು ಎನಿಸಿದ ಲೈಬ್ರರಿಗೆ ಅದು ಟೂಲ್ ಕರೆಯುವುದೇ ಇಲ್ಲ, ಮತ್ತು ಪೈಡ್ಯಾಂಟಿಕ್ ತನಗೆ ಚೆನ್ನಾಗಿ ಗೊತ್ತು ಎಂದೇ ಅದರ ಎಣಿಕೆ. ಸರ್ವರ್ ಹಾಕಿದ ಮೇಲೂ ಹಳೆಯ ಕೋಡ್ ಬಂದರೆ ಮೊದಲು ಲಾಗ್ ತೆರೆದು, ಟೂಲ್ ಕಾಲ್ ಆಗಿದೆಯೇ ಎಂದು ನೋಡಿ. ಎಷ್ಟೋ ಸಲ ಆಗಿರುವುದಿಲ್ಲ.

ಪೂರ್ತಿ ಡಾಕ್ಸ್ ಸುರಿಯುವ ವಾದದಲ್ಲಿ ಸ್ವಲ್ಪ ಹುರುಳಿದೆ. ಲೈಬ್ರರಿ ಚಿಕ್ಕದಾಗಿದ್ದು ಡಾಕ್ಸ್ 20–30 ಸಾವಿರ ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ಚಿಕ್ಕ ತುಣುಕು) ಒಳಗಿದ್ದರೆ ಪೂರ್ತಿ ಕೊಡುವುದೇ ಒಳ್ಳೆಯದು, ತುಣುಕು ಹುಡುಕುವ ಗೋಜಿಲ್ಲ. ಜೆರೆಮಿ ಹೊವಾರ್ಡ್ 2024ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಪದ್ಧತಿ ಇದಕ್ಕೆ ಅನುಕೂಲ. ಈ ಫೈಲ್ ಇಟ್ಟಿರುವ ಸೈಟ್‌ಗಳಲ್ಲಿ ಮಾಡೆಲ್ ಓದಲು ತಕ್ಕ ಚೊಕ್ಕ ಪಠ್ಯ ಸಿಗುತ್ತದೆ. ನಿಮ್ಮ 400 ಪುಟಕ್ಕೆ ಈ ದಾರಿ ಹಿಡಿಸುವುದಿಲ್ಲ. ಪುಟಕ್ಕೆ 600ರಿಂದ 800 ಟೋಕನ್ ಎಂದು ಹಿಡಿದರೂ ಎರಡೂವರೆಯಿಂದ ಮೂರು ಲಕ್ಷ ಟೋಕನ್. ಪ್ರತಿ ಮಾತುಕತೆಯಲ್ಲೂ ಅದನ್ನು ಹೊರಬೇಕು, ಕಾಯಬೇಕು, ದುಡ್ಡು ಕಟ್ಟಬೇಕು. ಉದ್ದ ಪಠ್ಯದ ನಡುಮಧ್ಯದಲ್ಲಿರುವ ವಿಷಯವನ್ನು ಮಾಡೆಲ್‌ಗಳು ಮೊದಲಿನ ಮತ್ತು ಕೊನೆಯ ಭಾಗದಷ್ಟು ಚೆನ್ನಾಗಿ ಹಿಡಿಯುವುದಿಲ್ಲ ಎಂದು 2023ರಲ್ಲೇ ಸಂಶೋಧಕರು ತೋರಿಸಿದ್ದರು. ಈಗ ಸುಧಾರಿಸಿದೆ, ಆದರೆ ಒಂದರಂತೆ ಒಂದಿರುವ ಎಪಿಐ ಪುಟಗಳು ಸಾಲಾಗಿ ಬಂದಾಗ ಇದರ ಪ್ಯಾರಾಮೀಟರ್ ಅದಕ್ಕೆ, ಅದರದ್ದು ಇದಕ್ಕೆ ಎಂದು ಕಲಸುವುದು ಇನ್ನೂ ಇದೆ.

ಫೈನ್‌ಟ್ಯೂನಿಂಗ್ ಬಿಟ್ಟುಬಿಡಿ. ಬರೆಯುವ ಶೈಲಿ, ಉತ್ತರದ ಅಚ್ಚು ಕಲಿಸಲು ಅದು ಸರಿ. ಖಚಿತ ವಿವರ ನೆನಪಿಡಿಸಲು ಸರಿಯಲ್ಲ. ಡಾಕ್ಸ್‌ನ ಒಂದು ಸಾಲು ಬದಲಾದರೆ ಮತ್ತೆ ಮಾಡಬೇಕು, ಉತ್ತರ ಯಾವ ಪುಟದಿಂದ ಬಂತು ಎಂದು ತೋರಿಸಲೂ ಆಗುವುದಿಲ್ಲ.

ಈಗ ಟೂಲ್‌ಗಳ ಮಾತು

ಕಾಂಟೆಕ್ಸ್ಟ್7 ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅದರ ಬಲವೂ ಮಿತಿಯೂ ತಿಳಿಯುತ್ತದೆ. ನೀವು ನೆಕ್ಸ್ಟ್‌ಜೆಎಸ್ ಬಗ್ಗೆ ಕೇಳಿದಾಗ ಎರಡು ಹೆಜ್ಜೆ ನಡೆಯುತ್ತವೆ. ಮೊದಲ ಹೆಜ್ಜೆ ಹೆಸರನ್ನು ಲೈಬ್ರರಿ ಐಡಿಗೆ ಹೊಂದಿಸುವುದು. ಎರಡನೆಯದು ಆ ಐಡಿ ಕೊಟ್ಟು, ವಿಷಯಕ್ಕೆ ತಕ್ಕ ತುಣುಕುಗಳನ್ನು ತರುವುದು. ಮೊದಲ ಹೆಜ್ಜೆಯಲ್ಲಿ ಒಂದೇ ಹೆಸರಿನ ಹಲವು ರಿಪಾಸಿಟರಿ ಸಿಗುತ್ತವೆ, ಯಾವುದು ಎಂದು ಮಾಡೆಲ್ ಆರಿಸುತ್ತದೆ. ತಪ್ಪು ಹೆಚ್ಚಾಗಿ ಇಲ್ಲೇ ಆಗುವುದು. ಪ್ರಸಿದ್ಧ ಲೈಬ್ರರಿಗೆ ತೊಂದರೆಯಿಲ್ಲ, ಪ್ಲಗಿನ್‌ಗಳಲ್ಲಿ ಎಡವುತ್ತದೆ. ಹಾಗಾಗಿ ನೀವು ದಿನಾ ಬಳಸುವ ಎಂಟು ಹತ್ತು ಲೈಬ್ರರಿಗಳ ಐಡಿಯನ್ನು ಒಮ್ಮೆ ಕೈಯಾರೆ ಹುಡುಕಿ, ಆವೃತ್ತಿ ಲಭ್ಯವಿದ್ದರೆ ಅದನ್ನೂ ಸೇರಿಸಿ, ಪ್ರಾಜೆಕ್ಟ್‌ನ ನಿಯಮದ ಫೈಲ್‌ನಲ್ಲಿ ಬರೆದಿಡಿ. ಆಗ ಮೊದಲ ಹೆಜ್ಜೆಯಲ್ಲಿ ಊಹಿಸುವ ಅಗತ್ಯವೇ ಇರುವುದಿಲ್ಲ. ಎಲ್ಲ ಲೈಬ್ರರಿಗೂ ಎಲ್ಲ ಆವೃತ್ತಿ ಇರುವುದಿಲ್ಲ, ಇಲ್ಲದಿದ್ದರೆ ಇತ್ತೀಚಿನದ್ದನ್ನು ಕೊಡುತ್ತದೆ. ಬರುವುದು ಕೋಡ್ ತುಣುಕು ಆದ್ದರಿಂದ, ಮೂಲ ಪುಟದಲ್ಲಿ ಅದರ ಪಕ್ಕದಲ್ಲಿದ್ದ ಎಚ್ಚರಿಕೆಯ ಪ್ಯಾರಾ ಕೆಲವೊಮ್ಮೆ ಜೊತೆಗೆ ಬರುವುದಿಲ್ಲ. ಹೇಗೆ ಬರೆಯಬೇಕು ಎಂಬ ಪ್ರಶ್ನೆಗೆ ಇದು ಒಳ್ಳೆಯದು, ಏಕೆ ಹೀಗೆ ಎಂಬುದಕ್ಕೆ ಅಷ್ಟಾಗಿ ಆಗದು.

ಕ್ಲೌಡ್ ಸೇವೆಗಳ ಬಗ್ಗೆ ಕೇಳುವುದಿದ್ದರೆ ಆಯಾ ಕಂಪನಿಯ ಸರ್ವರೇ ಲೇಸು. ಮೈಕ್ರೋಸಾಫ್ಟ್ ಲರ್ನ್‌ಗೆ ಅಧಿಕೃತ ಎಂಸಿಪಿ ಸರ್ವರ್ ಇದೆ, ಎಡಬ್ಲ್ಯೂಎಸ್ ಡಾಕ್ಯುಮೆಂಟೇಶನ್‌ಗೂ ಇದೆ. ನಡುವೆ ಇನ್ನೊಬ್ಬರ ಸಂಗ್ರಹ ಇರುವುದಿಲ್ಲ, ಪುಟದ ವಿಳಾಸವೂ ಜೊತೆಗೆ ಬರುತ್ತದೆ.

ಡೀಪ್‌ವಿಕಿಯನ್ನು ಡಾಕ್ಸ್ ಎಂದು ತಿಳಿಯಬೇಡಿ. ಕಾಗ್ನಿಷನ್ ಕಂಪನಿಯ ಈ ಸೇವೆ ಗಿಟ್‌ಹಬ್ ರಿಪಾಸಿಟರಿಯ ಕೋಡ್ ಓದಿ, ವಿವರಣೆಯನ್ನು ಎಐಯಿಂದಲೇ ಬರೆಸುತ್ತದೆ. ಈ ಲೈಬ್ರರಿಯೊಳಗೆ ರಿಕ್ವೆಸ್ಟ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕ್ಲಾಸ್ ಯಾರನ್ನು ಕರೆಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಅದು ಬಹಳ ಉಪಯೋಗಿ. ಡಾಕ್ಸೇ ಸರಿಯಾಗಿಲ್ಲದ ಲೈಬ್ರರಿಗಳಿಗಂತೂ ದೊಡ್ಡ ಆಸರೆ. ಆದರೆ ಪುಟದ ಮೇಲೆ ಯಾವ ದಿನ, ಯಾವ ಕಮಿಟ್ ಓದಿ ಬರೆದದ್ದು ಎಂದು ಇರುತ್ತದೆ, ಅದನ್ನು ನೋಡಿ. ನೀವು ಬಳಸುವ ಬಿಡುಗಡೆಗೂ ಆ ಕಮಿಟ್‌ಗೂ ಅಂತರ ಇರಬಹುದು.

ಕರ್ಸರ್‌ನಂಥ ಎಡಿಟರ್‌ಗಳಲ್ಲಿ ಡಾಕ್ಸ್ ವಿಳಾಸ ಕೊಟ್ಟರೆ ಅವೇ ಓದಿ ಇಂಡೆಕ್ಸ್ ಮಾಡಿಕೊಳ್ಳುತ್ತವೆ. ಇಲ್ಲಿ ಜನ ಮಾಡುವ ತಪ್ಪು ಒಂದೇ: ಡಾಕ್ಸ್ ಸೈಟ್‌ನ ಮುಖಪುಟದ ವಿಳಾಸ ಕೊಡುವುದು. ಆಗ 1, 2, ಮುಂದಿನ ಪ್ರಯೋಗದ ಆವೃತ್ತಿ ಎಲ್ಲವೂ ಒಂದೇ ಇಂಡೆಕ್ಸ್‌ನಲ್ಲಿ ಕಲೆತುಹೋಗಬಹುದು. ವಿಳಾಸದಲ್ಲಿ ಆವೃತ್ತಿಯ ಸಂಖ್ಯೆ ಇರುವ ಕೊಂಡಿಯನ್ನೇ ಕೊಡಿ.

ವೆಬ್ ಹುಡುಕಿ ಉತ್ತರಿಸುವ ಚಾಟ್‌ಗಳು ಎರರ್ ಸಂದೇಶ ಹುಡುಕಲು, ನಿನ್ನೆ ಮೊನ್ನೆ ತೆರೆದ ಇಶ್ಯೂ ಹುಡುಕಲು ಚೆನ್ನ. ಆವೃತ್ತಿಯ ಶಿಸ್ತು ಅವಕ್ಕಿಲ್ಲ. ನೋಟ್‌ಬುಕ್‌ಎಲ್‌ಎಂ ಪಿಡಿಎಫ್ ಓದಲು ಸೊಗಸು. ಉತ್ತರದ ಉಲ್ಲೇಖ ಒತ್ತಿದರೆ ಮೂಲದ ಆ ಜಾಗಕ್ಕೇ ಕರೆದೊಯ್ಯುತ್ತದೆ. ಆದರೆ ಫೈಲ್ ಅಪ್‌ಲೋಡ್ ಮಾಡಲೇಬೇಕು, ಹಾಗಾಗಿ ನಿಮ್ಮ ವೆಂಡರ್ ಪಿಡಿಎಫ್‌ಗಳ ಮಟ್ಟಿಗೆ ಅದನ್ನು ಕೈಬಿಡಿ. ಇನ್ನು ಡೆವ್‌ಡಾಕ್ಸ್, ಝೀಲ್, ಮ್ಯಾಕ್‌ನಲ್ಲಾದರೆ ಡ್ಯಾಶ್. ಇವುಗಳಲ್ಲಿ ಎಐ ಇಲ್ಲ. ಆವೃತ್ತಿ ಆರಿಸಿಕೊಂಡು ನೆಟ್ ಇಲ್ಲದೆಯೂ ಅಧಿಕೃತ ಡಾಕ್ಸ್ ಓದಬಹುದು. ಎಐ ಹೇಳಿದ್ದನ್ನು ಹತ್ತು ಸೆಕೆಂಡಿನಲ್ಲಿ ತಾಳೆ ನೋಡಲು ಇದಕ್ಕಿಂತ ವೇಗದ ದಾರಿ ಇಲ್ಲ. ಆರೂ ಜನರ ಯಂತ್ರದಲ್ಲಿ ಒಂದಿರಲಿ.

ಕಂಕುಳಲ್ಲಿ ಕೂಸು

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎಂಬ ಗಾದೆ ಈ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ನಿಮ್ಮ ಪ್ರಾಜೆಕ್ಟ್‌ಗೆ ನಿಖರವಾಗಿ ಹೊಂದುವ ದಾಖಲೆ ನಿಮ್ಮ ಡಿಸ್ಕ್‌ನಲ್ಲೇ ಇದೆ. ಪೈಥಾನ್‌ನ ಸೈಟ್‌ಪ್ಯಾಕೇಜಸ್ ಫೋಲ್ಡರ್‌ನಲ್ಲಿ ಮೂಲ ಕೋಡ್, ಡಾಕ್‌ಸ್ಟ್ರಿಂಗ್ ಎಲ್ಲವೂ ಇದೆ. ನೋಡ್ ಮಾಡ್ಯೂಲ್ಸ್‌ನಲ್ಲಿ ಟೈಪ್‌ಸ್ಕ್ರಿಪ್ಟ್‌ನ ಟೈಪ್ ಫೈಲ್‌ಗಳಿವೆ. ಅವು ತಪ್ಪು ಆವೃತ್ತಿಯವಾಗಿರುವುದು ಅಪರೂಪ, ಏಕೆಂದರೆ ರನ್ ಆಗುವುದೇ ಅದು. ಟರ್ಮಿನಲ್ ಬಳಸಬಲ್ಲ ಯಾವ ಅಸಿಸ್ಟೆಂಟ್ ಆದರೂ ಅಲ್ಲಿ ಹುಡುಕಬಲ್ಲದು, ಪೈಥಾನ್‌ನ ಹೆಲ್ಪ್ ಕರೆದು ಫಂಕ್ಷನ್‌ನ ಸಿಗ್ನೇಚರ್ ನೋಡಬಲ್ಲದು. ಇಲ್ಲದ ಫಂಕ್ಷನ್ ಎಂಬ ನಿಮ್ಮ ಎರಡನೇ ತೊಂದರೆಗೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಮದ್ದು ಇದೇ. ಇದರ ಕೊರತೆ ಎಂದರೆ, ಸಿಗ್ನೇಚರ್ ಸಿಗುತ್ತದೆ, ಯಾವಾಗ ಯಾವುದನ್ನು ಬಳಸಬೇಕು ಎಂಬ ಮಾರ್ಗದರ್ಶನ ಸಿಗುವುದಿಲ್ಲ. ಅದಕ್ಕೇ ಡಾಕ್ಸ್ ಸರ್ವರ್ ಬೇಕಾಗುವುದು.

ಇದನ್ನು ಅಸಿಸ್ಟೆಂಟ್ ತಾನಾಗಿ ಮಾಡುವುದಿಲ್ಲ, ಹೇಳಬೇಕು. ರಿಪಾಸಿಟರಿಯ ಬುಡದಲ್ಲಿ ಏಜೆಂಟ್ಸ್ ಡಾಟ್ ಎಂಡಿ ಎಂಬ ಫೈಲ್ ಇಡಿ. ನಿಮ್ಮ ಟೂಲ್ ಬೇರೆ ಹೆಸರಿನ ಫೈಲ್ ಓದುವುದಾದರೆ ಆ ಹೆಸರಿಡಿ. ಇಪ್ಪತ್ತು ಸಾಲು ಮೀರದಿರಲಿ, ಉದ್ದವಾದಷ್ಟೂ ಪಾಲನೆ ಸಡಿಲವಾಗುತ್ತದೆ. ಅದರಲ್ಲಿರಬೇಕಾದ್ದು: ಲಾಕ್ ಫೈಲ್‌ನಲ್ಲಿ (ಇನ್‌ಸ್ಟಾಲ್ ಆಗುವ ಆವೃತ್ತಿಗಳ ಪಟ್ಟಿ) ಇರುವ ಪ್ರಕಾರ ಮುಖ್ಯ ಲೈಬ್ರರಿಗಳ ನಿಖರ ಆವೃತ್ತಿ ಮತ್ತು ಅವುಗಳ ಐಡಿ. ಈ ಲೈಬ್ರರಿಗಳ ಕೋಡ್ ಬರೆಯುವ ಮೊದಲು ಡಾಕ್ಸ್ ನೋಡಬೇಕು ಎಂಬ ಆದೇಶ. ಹೊಸದಾಗಿ ಬಳಸುವ ಪ್ರತಿ ಫಂಕ್ಷನ್‌ನ ಸಿಗ್ನೇಚರ್ ಅನ್ನು ಇನ್‌ಸ್ಟಾಲ್ ಆದ ಪ್ಯಾಕೇಜ್‌ನಲ್ಲಿ ಪರೀಕ್ಷಿಸಬೇಕು ಎಂಬುದು. ಸಿಗದಿದ್ದರೆ ಸಿಗಲಿಲ್ಲ ಎಂದೇ ಹೇಳಬೇಕು ಎಂಬುದು. ಕೇಳದೆ ಹೊಸ ಪ್ಯಾಕೇಜ್ ಇನ್‌ಸ್ಟಾಲ್ ಮಾಡಕೂಡದು ಎಂಬುದು.

ಇದರ ಹಿಂದೆ ಎಐಗೆ ಸಂಬಂಧವೇ ಇಲ್ಲದ ಒಂದು ಬೇಲಿ ಹಾಕಿ. ಪೈಟೆಸ್ಟ್‌ನಲ್ಲಿ ಡೆಪ್ರಿಕೇಶನ್ ವಾರ್ನಿಂಗ್‌ಗಳನ್ನು (ಇದು ಹಳೆಯ ಪದ್ಧತಿ ಎಂಬ ಎಚ್ಚರಿಕೆ) ಎರರ್ ಆಗಿ ಪರಿಗಣಿಸುವಂತೆ ಸೆಟ್ ಮಾಡಿ. ಪೈಡ್ಯಾಂಟಿಕ್ 2ರಲ್ಲಿ ಹಳೆಯ ಡಿಕ್ಟ್ ಮೆಥಡ್, ಹಳೆಯ ವ್ಯಾಲಿಡೇಟರ್ ಡೆಕೊರೇಟರ್ ಈಗಲೂ ನಡೆಯುತ್ತವೆ, ವಾರ್ನಿಂಗ್ ಮಾತ್ರ ಕೊಡುತ್ತವೆ. ಅದನ್ನು ಎರರ್ ಮಾಡಿದ ದಿನ ಹಳೆಯ ಕೋಡ್ ಮರ್ಜ್ ಆಗುವುದು ನಿಲ್ಲುತ್ತದೆ. ಫ್ರಂಟೆಂಡ್‌ನಲ್ಲಿ ಟೈಪ್‌ಸ್ಕ್ರಿಪ್ಟ್ ಕಂಪೈಲರ್‌ನ ಟೈಪ್ ಚೆಕ್ ಸಿಐನಲ್ಲಿ (ಮರ್ಜ್‌ಗೆ ಮುನ್ನ ತಾನಾಗಿ ನಡೆಯುವ ತಪಾಸಣೆ) ಕಡ್ಡಾಯವಾಗಲಿ. ಆಪ್ಷನಲ್ ಫೀಲ್ಡ್‌ನಂಥ ಸದ್ದಿಲ್ಲದ್ದಕ್ಕೆ ಇದು ಸಾಲದು. ಅದಕ್ಕೆ ಫೀಲ್ಡ್ ಕಳಿಸದೇ ಇರುವ ರಿಕ್ವೆಸ್ಟ್‌ನ ಒಂದು ಟೆಸ್ಟ್ ಪ್ರತಿ ಎಂಡ್‌ಪಾಯಿಂಟ್‌ಗೂ ಬೇಕು.

ಒಳಗಿನ 400 ಪುಟ

ಇಲ್ಲಿ ನಿಮ್ಮ ಎಚ್ಚರಿಕೆ ಸರಿಯಾಗಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಒಳ್ಳೊಳ್ಳೆಯ ತಂಡಗಳೇ ಎಡವುತ್ತವೆ. ಹುಡುಕಾಟ ನಿಮ್ಮ ಯಂತ್ರದಲ್ಲೇ ನಡೆದರೂ, ಉತ್ತರ ಬರೆಯುವ ಮಾಡೆಲ್ ಕ್ಲೌಡ್‌ನಲ್ಲಿದ್ದರೆ ಹುಡುಕಿ ಸಿಕ್ಕ ತುಣುಕುಗಳು ಅಲ್ಲಿಗೆ ಹೋಗಿಯೇ ಹೋಗುತ್ತವೆ. ಇಂಡೆಕ್ಸ್ ಲೋಕಲ್ ಎಂದರೆ ಡೇಟಾ ಲೋಕಲ್ ಎಂದಲ್ಲ. ಹೊರಗೆ ಹೋಗಲೇಬಾರದು ಎಂಬುದು ವೆಂಡರ್ ಒಪ್ಪಂದದ ಮಾತಾಗಿದ್ದರೆ ಆ ಪಿಡಿಎಫ್‌ಗಳಿಗೆ ಮಾಡೆಲ್ ಕೂಡ ನಿಮ್ಮ ಸರ್ವರ್‌ನಲ್ಲೇ ಓಡಬೇಕು. ಒಲ್ಲಾಮಾದಂಥ ಟೂಲ್‌ನಿಂದ ಅದು ಸಾಧ್ಯ, ಉತ್ತರದ ಗುಣಮಟ್ಟ ಒಂದು ಮೆಟ್ಟಿಲು ಇಳಿಯುತ್ತದೆ ಎಂದು ಒಪ್ಪಿಕೊಂಡೇ ಮಾಡಬೇಕು. ನಿಮ್ಮದೇ ಎಪಿಐ ಡಾಕ್ಸ್ ಮಟ್ಟಿಗೆ, ಡೇಟಾ ಉಳಿಸಿಕೊಳ್ಳುವುದಿಲ್ಲ, ತರಬೇತಿಗೆ ಬಳಸುವುದಿಲ್ಲ ಎಂಬ ಲಿಖಿತ ಒಪ್ಪಂದ ಇರುವ ಸೇವೆ ಸಾಕೇ ಎಂದು ಸಂಸ್ಥೆಯ ಹೊಣೆ ಹೊತ್ತವರು ತೀರ್ಮಾನಿಸಲಿ. ಇಂಡೆಕ್ಸ್ ಮಾಡುವ ಮೊದಲು ಡಾಕ್ಸ್‌ನ ಉದಾಹರಣೆಗಳಲ್ಲಿ ನಿಜವಾದ ಆಕ್ಸೆಸ್ ಟೋಕನ್, ಪಾಸ್‌ವರ್ಡ್ ಉಳಿದಿವೆಯೇ ಎಂದು ಹುಡುಕಿ ತೆಗೆಯಿರಿ. ಇದ್ದೇ ಇರುತ್ತವೆ ಎಂದುಕೊಂಡೇ ಹುಡುಕಿ.

400 ಪುಟಕ್ಕೆ ವೆಕ್ಟರ್ ಡೇಟಾಬೇಸ್ (ಅರ್ಥದ ಹೋಲಿಕೆಯಿಂದ ಹುಡುಕುವಂಥದ್ದು) ಬೇಕಿಲ್ಲ. ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಪದ ಹುಡುಕುವ ಸೌಲಭ್ಯವಾದ ಎಫ್‌ಟಿಎಸ್5 ಸಾಕು. ಹೆಚ್ಚು ಹೊಂದುವ ಪುಟವನ್ನು ಮೇಲಿಡುವ ಬಿಎಂ25 ಶ್ರೇಯಾಂಕ ಅದರ ಒಳಗೇ ಇದೆ. ಎಪಿಐ ಡಾಕ್ಸ್‌ನಲ್ಲಿ ಜನ ಹುಡುಕುವುದು ನಿಖರ ಹೆಸರುಗಳನ್ನು: ಫೀಲ್ಡ್ ಹೆಸರು, ಎರರ್ ಕೋಡ್, ಎಂಡ್‌ಪಾಯಿಂಟ್. ಅರ್ಥದ ಹೋಲಿಕೆ ನೋಡುವ ಎಂಬೆಡಿಂಗ್ ಹುಡುಕಾಟಕ್ಕೆ 4012 ಎಂಬ ಎರರ್ ಕೋಡೂ 4021 ಎಂಬುದೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಪದ ಹುಡುಕಾಟಕ್ಕೆ ಆ ಗೊಂದಲವಿಲ್ಲ. ಒಂದು ಕಿವಿಮಾತು: ಎಫ್‌ಟಿಎಸ್5ರ ಡೀಫಾಲ್ಟ್ ಟೋಕನೈಸರ್ ಅಂಡರ್‌ಸ್ಕೋರ್ ಕಂಡಲ್ಲಿ ಪದ ಒಡೆಯುತ್ತದೆ. ಆರ್ಡರ್ ಅಂಡರ್‌ಸ್ಕೋರ್ ಸ್ಟೇಟಸ್ ಎಂಬ ಫೀಲ್ಡ್ ಎರಡು ಪದವಾಗಿ, ಆ ಎರಡು ಪದ ಪಕ್ಕಪಕ್ಕ ಬರುವ ಬೇರೆ ಪುಟಗಳೂ ಫಲಿತಾಂಶದಲ್ಲಿ ನುಗ್ಗಬಹುದು. ಟೇಬಲ್ ಮಾಡುವಾಗಲೇ ಅಂಡರ್‌ಸ್ಕೋರ್ ಅನ್ನು ಪದದ ಭಾಗವೆಂದು ಟೋಕನ್‌ಚಾರ್ಸ್ ಆಯ್ಕೆಯಲ್ಲಿ ಕೊಡಿ. ಹಣ ಹಿಂದಿರುಗಿಸುವುದು ಹೇಗೆ ಎಂಬಂಥ ಮಾತಿನ ಪ್ರಶ್ನೆಗಳೂ ಬರುವುದಾದರೆ ಆಮೇಲೆ ಎಂಬೆಡಿಂಗ್ ಸೇರಿಸಿ ಎರಡರ ಫಲಿತಾಂಶ ಬೆರೆಸಬಹುದು.

ಪುಟಗಳನ್ನು ತುಂಡು ಮಾಡುವಾಗ ಅಕ್ಷರ ಎಣಿಸಿ ಕತ್ತರಿಸಬೇಡಿ, ಹೆಡಿಂಗ್ ನೋಡಿ ಕತ್ತರಿಸಿ. 300ರಿಂದ 800 ಟೋಕನ್ ಹದ. ಕೋಡ್ ಬ್ಲಾಕ್ ನಡುವೆ ಕತ್ತರಿ ಬೀಳಬಾರದು. ಪ್ರತಿ ತುಂಡಿನ ನೆತ್ತಿಯ ಮೇಲೆ ಸೇವೆಯ ಹೆಸರು, ಆವೃತ್ತಿ, ಮೇಲಿನ ಹೆಡಿಂಗ್‌ಗಳ ಸರಣಿ ಬರೆಯಿರಿ. ಇದನ್ನು ಮಾಡದಿದ್ದರೆ ಟೈಮೌಟ್ 30 ಸೆಕೆಂಡ್ ಎಂಬ ತುಂಡು ಸಿಗುತ್ತದೆ, ಯಾವ ಸೇವೆಯ ಟೈಮೌಟ್ ಎಂಬುದು ಮಾತ್ರ ಇರುವುದಿಲ್ಲ. ಪಿಡಿಎಫ್‌ನಲ್ಲಿ ಕಷ್ಟ ಕೊಡುವುದು ಟೇಬಲ್‌ಗಳು. ಪಠ್ಯ ತೆಗೆದಾಗ ಕಾಲಂಗಳು ಕುಸಿದು, ಕನಿಷ್ಠ ಮೌಲ್ಯ ಗರಿಷ್ಠದ ಜಾಗಕ್ಕೆ ಬಂದು ಕೂರುತ್ತದೆ. ಮೂರೇ ಪಿಡಿಎಫ್ ಇರುವುದರಿಂದ ಟೇಬಲ್ ಇರುವ ಪುಟಗಳನ್ನು ಕಣ್ಣಾರೆ ನೋಡಿ ಮಾರ್ಕ್‌ಡೌನ್‌ಗೆ ತಿದ್ದಿ. ಎರಡು ದಿನದ ಕೆಲಸ ಹಿಡಿದರೂ ತಕ್ಕ ಫಲ ಉಂಟು.

ಅಪಾಯಗಳು

ಡಾಕ್ಸ್ ಸರ್ವರ್ ತರುವ ಪಠ್ಯ ಹೊರಗಿನವರು ಬರೆದದ್ದು. ಅದರೊಳಗೆ ಈ ಕಮಾಂಡ್ ಓಡಿಸು ಎಂದಿದ್ದರೆ ಅಸಿಸ್ಟೆಂಟ್ ಅದನ್ನು ನಿಮ್ಮ ಆದೇಶವೆಂದೇ ತಿಳಿಯಬಹುದು. ಯಾರು ಬೇಕಾದರೂ ಲೈಬ್ರರಿ ಸೇರಿಸಬಹುದಾದ ಸಂಗ್ರಹಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಕಮಾಂಡ್ ಓಡಿಸುವ ಮುಂಚೆ ಒಪ್ಪಿಗೆ ಕೇಳುವ ಸೆಟಿಂಗ್ ಅನ್ನು ಆಫ್ ಮಾಡಬೇಡಿ, ಅದರಲ್ಲೂ ಇನ್‌ಸ್ಟಾಲ್ ಕಮಾಂಡ್‌ಗೆ. ಎಂಸಿಪಿ ಸರ್ವರ್‌ಗೆ ಸದಾ ಇತ್ತೀಚಿನದ್ದು ಎಂದು ಕೊಡದೆ ಒಂದು ಆವೃತ್ತಿಗೆ ಪಿನ್ ಮಾಡಿ. ಇಲ್ಲದಿದ್ದರೆ ಪ್ರತಿ ಬೆಳಗ್ಗೆ ಆರು ಯಂತ್ರಗಳಲ್ಲಿ ಯಾರೂ ನೋಡದ ಕೋಡ್ ಓಡುತ್ತದೆ. ಇನ್ನೊಂದು ಸೂಕ್ಷ್ಮ: ಹೊರಗಿನ ಸರ್ವರ್‌ಗೆ ಹೋಗುವ ಪ್ರಶ್ನೆಯನ್ನು ಬರೆಯುವುದು ಅಸಿಸ್ಟೆಂಟ್. ನಿಮ್ಮ ಒಳಗಿನ ಕ್ಲಾಸ್ ಹೆಸರು, ಕ್ಲೈಂಟ್ ಹೆಸರು ಅದರಲ್ಲಿ ಸೇರಿಹೋಗಬಹುದು. ಪ್ರಶ್ನೆಯಲ್ಲಿ ಲೈಬ್ರರಿಯ ಹೆಸರುಗಳು ಮಾತ್ರ ಇರಲಿ ಎಂದು ನಿಯಮದ ಫೈಲ್‌ನಲ್ಲಿ ಬರೆಯಿರಿ, ಒಂದು ವಾರ ಲಾಗ್ ನೋಡಿ.

ಸರ್ವರ್‌ಗಳು ಎರಡು ಮೂರಕ್ಕಿಂತ ಹೆಚ್ಚಾಗುವುದು ಬೇಡ. ಪ್ರತಿಯೊಂದರ ಟೂಲ್ ವಿವರಣೆಯೂ ಕಾಂಟೆಕ್ಸ್ಟ್‌ನಲ್ಲಿ ಜಾಗ ಹಿಡಿಯುತ್ತದೆ, ಯಾವುದನ್ನು ಕರೆಯಬೇಕು ಎಂಬ ಗೊಂದಲವೂ ಹೆಚ್ಚುತ್ತದೆ.

ನಿಮ್ಮದೇ ಪರೀಕ್ಷೆ

ಯಾರೋ ಮಾಡಿದ ಹೋಲಿಕೆ ಪಟ್ಟಿ ನಂಬಿ ಆರಿಸಬೇಡಿ, ನಾನು ಮೇಲೆ ಬರೆದದ್ದನ್ನೂ ಸೇರಿಸಿ. ಇಪ್ಪತ್ತು ಪ್ರಶ್ನೆ ತಯಾರಿಸಿ. ಎಂಟು, ಆವೃತ್ತಿ ಬದಲಾವಣೆಯ ಮೇಲೆ. ಕಳೆದ ಆರು ತಿಂಗಳ ನಿಮ್ಮದೇ ಬಗ್‌ಗಳಿಂದ ತೆಗೆಯಿರಿ. ಐದು, ಪ್ಯಾರಾಮೀಟರ್‌ನ ನಿಖರ ವಿವರದ ಮೇಲೆ. ನಾಲ್ಕು, ಒಳಗಿನ ಡಾಕ್ಸ್ ಮೇಲೆ. ಉಳಿದ ಮೂರು ಇಲ್ಲದ ಫಂಕ್ಷನ್ ಬಗ್ಗೆ, ಇದೆ ಎಂಬಂತೆಯೇ ಕೇಳುವ ಪ್ರಶ್ನೆಗಳು. ಸರಿಯುತ್ತರ ಮೊದಲೇ ಬರೆದಿಡಿ, ಇಲ್ಲದಿದ್ದರೆ ಚೆಂದದ ಉತ್ತರಕ್ಕೆ ಅಂಕ ಬೀಳುತ್ತದೆ. ಪ್ರತಿ ಪ್ರಶ್ನೆಯನ್ನು ಮೂರು ಸಲ ಕೇಳಿ, ಏಕೆಂದರೆ ಉತ್ತರ ಸಲಕ್ಕೊಂದು ಥರ ಬರುತ್ತದೆ. ಯಾವ ಟೂಲೂ ಇಲ್ಲದೆ ಒಮ್ಮೆ, ಡಿಸ್ಕ್ ಹುಡುಕಾಟ ಮಾತ್ರ ಇಟ್ಟು ಒಮ್ಮೆ, ಡಾಕ್ಸ್ ಸರ್ವರ್ ಸೇರಿಸಿ ಒಮ್ಮೆ ಓಡಿಸಿದರೆ ಸರ್ವರ್‌ನಿಂದ ನಿಜವಾಗಿ ಎಷ್ಟು ಬಂತು ಎಂಬುದು ಕಾಣುತ್ತದೆ.

ಉಲ್ಲೇಖಕ್ಕೆ ಅಂಕ ಕೊಡುವಾಗ ಕೊಂಡಿ ತೆರೆದುಕೊಂಡಿತು ಎಂದಷ್ಟೇ ನೋಡಬೇಡಿ, ಹೇಳಿದ ಮಾತು ಆ ಪುಟದಲ್ಲಿದೆಯೇ ಎಂದು ಓದಿ. ಪುಟ ನಿಜ, ಮಾತು ಕಲ್ಪನೆ ಎಂಬುದು ಬಹಳ ಸಾಮಾನ್ಯ. ಮೂರು ಬಲೆ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಧೈರ್ಯವಾಗಿ ಕೋಡ್ ಬರೆದುಕೊಟ್ಟ ಜೋಡಣೆಯನ್ನು, ಉಳಿದದ್ದರಲ್ಲಿ ಎಷ್ಟೇ ಅಂಕ ಬಂದಿರಲಿ, ಹಾಗೇ ಒಪ್ಪಬೇಡಿ. ನಿಯಮದ ಫೈಲ್ ತಿದ್ದಿ ಮತ್ತೆ ಓಡಿಸಿ.

ಈ ಇಪ್ಪತ್ತು ಪ್ರಶ್ನೆಗಳನ್ನು ರಿಪಾಸಿಟರಿಯಲ್ಲೇ ಇಟ್ಟುಕೊಳ್ಳಿ. ನೀವು ನೆಕ್ಸ್ಟ್‌ಜೆಎಸ್ 16ಕ್ಕೆ ಹೋಗುವ ದಿನ ಅವು ಬೇಕಾಗುತ್ತವೆ. 15ರಲ್ಲಿ ಪ್ಯಾರಮ್ಸ್, ಕುಕೀಸ್ ಇವನ್ನು ಅವೇಟ್ ಇಲ್ಲದೆ ಓದಿದರೆ ಎಚ್ಚರಿಕೆ ಕೊಟ್ಟು ನಡೆಯುತ್ತಿತ್ತು, 16ರಲ್ಲಿ ಆ ವಿನಾಯಿತಿ ತೆಗೆದಿದ್ದಾರೆ. ಮಿಡಲ್‌ವೇರ್ ಫೈಲ್‌ಗೆ ಪ್ರಾಕ್ಸಿ ಎಂಬ ಹೊಸ ಹೆಸರು ಬಂದಿದೆ. ಅಪ್‌ಗ್ರೇಡ್ ಬ್ರಾಂಚ್‌ನಲ್ಲಿ ಮೊದಲು ಲಾಕ್ ಫೈಲ್, ಆಮೇಲೆ ನಿಯಮದ ಫೈಲ್‌ನ ಆವೃತ್ತಿ ಮತ್ತು ಐಡಿ ಬದಲಿಸಿ. ಎಡಿಟರ್‌ನಲ್ಲಿ ಉಳಿದಿರುವ ಹಳೆಯ ಡಾಕ್ಸ್ ಇಂಡೆಕ್ಸ್ ಅಳಿಸಿ. ಈ ಎರಡು ಬದಲಾವಣೆಗಳ ಮೇಲೆ ಹೊಸ ಪ್ರಶ್ನೆ ಸೇರಿಸಿ ಪರೀಕ್ಷೆ ಓಡಿಸಿ, ಆಮೇಲೆ ಅಸಿಸ್ಟೆಂಟ್‌ಗೆ ಕೋಡ್ ಮುಟ್ಟಲು ಬಿಡಿ.